ನೋವೂ ಇಲ್ಲ, ಕಾಲೂ ಇಲ್ಲ

ಹೆಗ್ಗನಹಳ್ಳಿಯ ನಮ್ಮ ದೊಡ್ಡಮ್ಮ ಪೀಣ್ಯದ ಗಾರ್ಮೆಂಟ್ಸಿನಲ್ಲಿ ನಿಂತೂ ನಿಂತೂ ಸವೆಸಿದ ಎರಡು ಮಂಡಿಗಳನ್ನು ಬೇರೆ ಬೇರೆ ವರ್ಷ, ಬೇರೆ ಬೇರೆ ಆಸ್ಪತ್ರೆಯಲ್ಲಿ ಬದಲಿಸಿಕೊಂಡವರು. ಆಪರೇಷನ್ ಆದಮೇಲಿನ ನೋವಿಗೆ ಯಾವ ಉಪಾಯ ಮೇಲು ಎಂದು ತೂಗಿ ನೋಡಲು ಇವರಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಬಲ ಮಂಡಿಗೆ ಎಪಿಡ್ಯೂರಲ್. ಬೆನ್ನಿಗೆ ಸಣ್ಣ ನಳಿಕೆ ಇಟ್ಟು ಮದ್ದು ಹನಿಸಿದರು. ನೋವು ಸುಳಿಯಲಿಲ್ಲ, ನಿಜ. ಆದರೆ ಎರಡೂ ಕಾಲು ಜೋಮು, ಬಿಪಿ ಇಳಿತ, ಮೂತ್ರಕ್ಕೆ ಪೈಪು. ಎದ್ದು ನಿಂತದ್ದು ಮೂರನೇ ದಿನ. ‘ನೋವೂ ಇಲ್ಲ, ಕಾಲೂ ಇಲ್ಲ ಕಣೋ’ ಎಂದರು. ಈ ವಿಧಾನದ ಬಗ್ಗೆ ಇದಕ್ಕಿಂತ ಮೊನಚಾದ ವಿಮರ್ಶೆಯನ್ನು ನಾನು ಕೇಳಿಲ್ಲ.

ಎಡ ಮಂಡಿಯ ಹೊತ್ತಿಗೆ ಕಾಲ ಬದಲಾಗಿತ್ತು. ಅಲ್ಟ್ರಾಸೌಂಡ್ ನೋಡಿಕೊಂಡು ತೊಡೆಯ ಒಳಮಗ್ಗುಲಿಗೆ ನರ ಮರಗಟ್ಟಿಸುವ ಒಂದು ಇಂಜೆಕ್ಷನ್, ಅಂದರೆ ಅಡಕ್ಟರ್ ಕೆನಾಲ್ ಬ್ಲಾಕ್. ತೊಡೆಸಂದಿಯಲ್ಲಿ ಕೊಡುವ ಹಳೆಯ ಫೆಮೊರಲ್ ಬ್ಲಾಕ್‌ನಲ್ಲಿ ತೊಡೆಯ ಸ್ನಾಯುವೇ ಸೋತು ರೋಗಿ ಬೀಳುವ ಅಪಾಯವಿತ್ತು. ಅಡಕ್ಟರ್ ಬ್ಲಾಕ್‌ನಲ್ಲಿ ಸ್ನಾಯುವಿನ ಬಲ ಬಹುಪಾಲು ಉಳಿಯುತ್ತದೆ. ಮಂಡಿಯ ಹಿಂಭಾಗದ ನೋವು ಮಾತ್ರ ಇದರ ಕೈಗೆ ಸಿಗದು. ಅದಕ್ಕೇ ಗಾಯ ಹೊಲಿಯುವ ಮೊದಲು ಸರ್ಜನ್ ಕೀಲಿನ ಸುತ್ತ ತಾವೇ ಮದ್ದು ತುಂಬುತ್ತಾರೆ. ಸಿಡ್ನಿಯ ಕೆರ್ ಮತ್ತು ಕೋಹನ್ ಎಂಬ ವೈದ್ಯರು 325 ರೋಗಿಗಳ ಅನುಭವವನ್ನು 2008ರಲ್ಲಿ ಪ್ರಕಟಿಸಿದ ಮೇಲೆ ಹೆಸರಾದ ಕ್ರಮವಿದು. ದೊಡ್ಡಮ್ಮ ಅದೇ ಸಂಜೆ ವಾಕರ್ ಹಿಡಿದು ಬಾತ್‌ರೂಮಿಗೆ ನಡೆದರು.

ಮಾರನೆಯ ರಾತ್ರಿ ಎರಡು ಗಂಟೆಗೆ ಅತ್ತರು. ಒಂದೇ ಇಂಜೆಕ್ಷನ್ನಿನ ಆಯಸ್ಸು ಹೆಚ್ಚೆಂದರೆ ಸುಮಾರು ಒಂದು ದಿನ. ಅದು ಇಳಿಯುವ ಮುಂಚೆಯೇ ಮಾತ್ರೆ ಕೆಲಸ ಶುರು ಮಾಡಿರಬೇಕು ಎಂದು ಯಾರೂ ಹೇಳಿರಲಿಲ್ಲ. ಆಮೇಲೆ ಕೊಟ್ಟ ಟ್ರಮಡಾಲ್ ಎಂಬ ನೋವಿನ ಮದ್ದಿನಿಂದ ವಾಂತಿ, ಮಂಪರು, ಮಲಬದ್ಧತೆ.

ಒಂದು ಮಂಡಿಯ ಆಪರೇಷನ್ನಿಗೆ ಎಪಿಡ್ಯೂರಲ್ ಇನ್ನು ವಿಶ್ರಾಂತಿ ಪಡೆಯಬಹುದು ಎಂಬುದು ನನ್ನ ತೀರ್ಮಾನ. ಒಳತೊಡೆಯ ಬ್ಲಾಕ್, ಕೀಲಿನ ಸುತ್ತಲ ಮದ್ದು, ಹೊತ್ತುಹೊತ್ತಿಗೆ ಪ್ಯಾರಾಸಿಟಮಾಲ್, ಕಿಡ್ನಿ-ಹೊಟ್ಟೆ ಸರಿಯಿದ್ದವರಿಗೆ ಉರಿಯೂತ ಇಳಿಸುವ ಮಾತ್ರೆ: ಈ ಕೂಟ ಗೆದ್ದಿದೆ. ಟ್ರಮಡಾಲ್, ಮಾರ್ಫಿನ್ ಕೊನೆಯ ಸಾಲಿನಲ್ಲಿರಲಿ.

ಆದರೆ ಈ ಜಾಣತನವೆಲ್ಲ ಆಸ್ಪತ್ರೆಯ ಗೇಟಿಗೆ ಮುಗಿಯಿತು. ಹೆಗ್ಗನಹಳ್ಳಿಯ ಎರಡನೇ ಮಹಡಿಯ ಕಡಿದಾದ ಮೆಟ್ಟಿಲಿಗೆ ಯಾವ ಬ್ಲಾಕೂ ಇಲ್ಲ. ಮನೆಯಲ್ಲಿ ಟವೆಲಿನಲ್ಲಿ ಸುತ್ತಿದ ಐಸು, ‘ಕಿಡ್ನಿ ಹೋಗುತ್ತೆ’ ಎಂಬ ಹೆದರಿಕೆಯಿಂದ ಮುಟ್ಟದ ಮಾತ್ರೆ, ನೋವೆಂದು ಬಿಟ್ಟ ಎಕ್ಸರ್‌ಸೈಜು. ಮಂಡಿ ಬಿಗಿಯತೊಡಗಿತು. 2017ರಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದಾಗಿನಿಂದ ನಾವು ಕಂಪನಿ, ರೇಟು ಎಲ್ಲ ವಿಚಾರಿಸುತ್ತೇವೆ, ನೋವಿನ ವಿಷಯ ಮಾತ್ರ ವಿಚಾರಿಸುವುದಿಲ್ಲ.

ಡಿಸ್ಚಾರ್ಜ್ ಚೀಟಿಯಲ್ಲಿ ನೋವಿನ ಮಾತ್ರೆಯ ಮುಂದೆ ‘ಎಸ್ಒಎಸ್’, ಅಂದರೆ ಬೇಕಾದಾಗ ಮಾತ್ರ, ಎಂದಷ್ಟೇ ಇದ್ದರೆ ಎದ್ದು ಬರಬೇಡಿ. ಎಷ್ಟು ಗಂಟೆಗೆ, ಎಷ್ಟು ದಿನ ಎಂದು ಡಾಕ್ಟರ ಕೈಯಲ್ಲಿ ಕನ್ನಡದಲ್ಲೇ ಬರೆಸಿಕೊಳ್ಳಿ.