ಕುಂಭಕರ್ತೃತ್ವ ವಿಚಾರ

ನ್ಯಾಯಶಾಸ್ತ್ರದಲ್ಲಿ ಕಾರ್ಯಕಾರಣಭಾವವನ್ನು ನಿರೂಪಿಸುವಾಗ ಕುಲಾಲನೇ ದೃಷ್ಟಾಂತವಾಗಿ ಬರುವನೆಂಬುದು ವಿದ್ವಾಂಸರಿಗೆ ವಿದಿತವೇ. ಕರ್ತೃವಿನಲ್ಲಿ ಉಪಾದಾನದ ಅಪರೋಕ್ಷಜ್ಞಾನ, ಚಿಕೀರ್ಷೆ, ಕೃತಿ ಎಂಬ ಮೂರೂ ಇರಬೇಕೆಂದು ನೈಯಾಯಿಕರ ನಿರ್ಣಯ. ಮಣ್ಣಿನ ಗುಣವನ್ನು ಒಬ್ಬನು, ಮಾಡತಕ್ಕ ರೂಪವನ್ನು ಮತ್ತೊಬ್ಬನು ಬಲ್ಲವರಾದರೆ ಘಟವು ಸಿದ್ಧಿಸುವುದೇ? ಜರ್ಮನಿಯ ಒಂದು ಕಲಾಶಾಲೆಯ ಚರಿತ್ರೆಯು ಈ ಪ್ರಶ್ನೆಗೆ ಪ್ರತ್ಯಕ್ಷವಾದ ಉದಾಹರಣೆಯಾಗಿರುವುದು.

ವಾಲ್ಟರ್ ಗ್ರೋಪಿಯುಸನು 1919ರಲ್ಲಿ ವೈಮಾರ್ ನಗರದಲ್ಲಿ ಬೌಹೌಸ್ ಎಂಬ ಶಾಲೆಯನ್ನು ಸ್ಥಾಪಿಸಿದನು. ಅದರ ಮೃತ್ಕರ್ಮಶಾಲೆಯು 1920ರಲ್ಲಿ ಸಾಲೆ ನದಿಯ ಮೇಲಣ ಡೋರ್ನ್‌ಬುರ್ಗಿನಲ್ಲಿ ನೆಲೆಗೊಂಡಿತು. ಅಲ್ಲಿ ಆಚಾರ್ಯರು ಇಬ್ಬರು. ರೂಪವನ್ನು ಬೋಧಿಸಲು ಗೆರ್ಹಾರ್ಡ್ ಮಾರ್ಕ್ಸ್ ಎಂಬ ಶಿಲ್ಪಿ. ತಿಗುರಿ ಆವಿಗೆಗಳ ಕೆಲಸವನ್ನು ಕಲಿಸಲು ಮಾಕ್ಸ್ ಕ್ರೇಹನ್ ಎಂಬ ವಂಶಪಾರಂಪರ್ಯದ ಕುಂಬಾರ.

ಇದರಿಂದ ವಿದ್ಯೆಯು ಎರಡು ಹೋಳಾಗದೇ ಎಂದು ಆಕ್ಷೇಪಿಸಬಹುದು. ಆಗದು. ವಿಭಾಗವು ಬೋಧಕರಲ್ಲಿತ್ತೇ ಹೊರತು ಶಿಷ್ಯನಲ್ಲಿರಲಿಲ್ಲ. ಮೃಣ್ಮಯ ಪ್ರತಿಮೆಯನ್ನು ಮಾಡುವವನು ಒಳಗನ್ನು ಪೊಳ್ಳುಮಾಡದೆ ತೇವವುಳಿಸಿದರೆ ಅದು ಬೆಂಕಿಯಲ್ಲಿ ಸಿಡಿಯುವುದು. ರೂಪವನ್ನು ಬಲ್ಲವನಿಗೂ ಆವಿಗೆಯು ವಿನಾಯಿತಿ ಕೊಡುವುದಿಲ್ಲ. ಎರಡು ಜ್ಞಾನಗಳೂ ಶಿಷ್ಯನ ಕೈಯಲ್ಲಿಯೇ ಕೂಡಬೇಕಾಗಿದ್ದಿತು.

ಥಿಯೋಡೋರ್ ಬೋಗ್ಲರನು 1923ರಲ್ಲಿ ನಿರ್ಮಿಸಿದ ಚಹಾಪಾತ್ರೆಗಳು ಇಲ್ಲಿ ಪರೀಕ್ಷಾರ್ಹವಾದುವು. ಒಡಲು, ಮೂತಿ, ಹಿಡಿ, ಮುಚ್ಚಳಗಳನ್ನು ಬೇರೆ ಬೇರೆ ಅಚ್ಚುಗಳಲ್ಲಿ ಹೊಯ್ದು, ಬಗೆಬಗೆಯಾಗಿ ಜೋಡಿಸಿ ಹಲವು ಪಾತ್ರೆಗಳನ್ನು ಮಾಡುವುದು ಅವನ ಉದ್ದೇಶ. ವ್ಯಾಕರಣದಲ್ಲಿ ಒಂದೇ ಧಾತುವಿಗೆ ನಾನಾ ಪ್ರತ್ಯಯಗಳು ಹತ್ತುವಂತೆ ಇದೂ ಲಾಘವವುಳ್ಳದ್ದು. ಆದರೆ ಅಚ್ಚಿನಲ್ಲಿ ಗೋಡೆಯ ದಪ್ಪವನ್ನು ನಿಶ್ಚಯಿಸುವುದು ಬೆರಳಲ್ಲ, ನೀರನ್ನು ಹೀರುವ ಪ್ಲಾಸ್ಟರು. ಹೀಗಿದ್ದರೂ ಪಾತ್ರೆಯು ಕೆಡಲಿಲ್ಲ. ಏಕೆಂದರೆ ಬೋಗ್ಲರನು ಮೊದಲು ತಿಗುರಿಯ ಮುಂದೆ ಕುಳಿತು ಕಲಿತವನು. ಅಚ್ಚಿನ ಗುಣವು ಪೂರ್ವಾಭ್ಯಾಸದ ಸಂಸ್ಕಾರದಿಂದ ಬಂದುದೇ ಹೊರತು ಅಚ್ಚಿನಿಂದಲೇ ಬಂದುದಲ್ಲ. ಆ ಅಭ್ಯಾಸವಿಲ್ಲದೆ ಅಚ್ಚನ್ನು ಮಾತ್ರ ಅನುಕರಿಸುವವನಿಗೆ ಲಾಘವವು ದಾರಿದ್ರ್ಯವಾಗುವುದು.

1925ರಲ್ಲಿ ಶಾಲೆಯು ದೆಸ್ಸೌ ನಗರಕ್ಕೆ ಹೊರಟಾಗ ಮೃತ್ಕರ್ಮವನ್ನು ಕೊಂಡೊಯ್ಯಲಿಲ್ಲ. ಕ್ರೇಹನನೂ ಅದೇ ವರ್ಷ ತೀರಿಕೊಂಡನು. ಆದರೆ ಸಂಪ್ರದಾಯವು ಶಿಷ್ಯರಲ್ಲಿ ಉಳಿಯಿತು. ಈ ಇಬ್ಬರಲ್ಲಿಯೂ ಕಲಿತ ಮಾರ್ಗರೀಟೆ ಫ್ರೀಡ್ಲೆಂಡರ್, ಅಂದರೆ ಮುಂದೆ ವಿಲ್ಡೆನ್‌ಹೈನ್ ಎಂದು ಪ್ರಸಿದ್ಧಳಾದವಳು, ಯೆಹೂದ್ಯಳೆಂಬ ಕಾರಣದಿಂದ 1933ರಲ್ಲಿ ಹಾಲ್ಲೆ ನಗರದ ಅಧ್ಯಾಪಕಪದವಿಯನ್ನು ಕಳೆದುಕೊಂಡು, 1940ರಲ್ಲಿ ಅಮೆರಿಕೆಯನ್ನು ಸೇರಿದಳು. ಕ್ಯಾಲಿಫೋರ್ನಿಯದ ಪಾಂಡ್ ಫಾರ್ಮಿನ ಅವಳ ಶಾಲೆಯಲ್ಲಿ ಶಿಷ್ಯರು ತಿರುಗಿಸಿದ ಪಾತ್ರೆಗಳು ಸುಡಲ್ಪಡದೆ ಮರಳಿ ಮಣ್ಣಾಗುತ್ತಿದ್ದುವು. ಅಲ್ಲಿ ಸಂಪಾದ್ಯವಾದುದು ಘಟವಲ್ಲ, ಕರ್ತೃತ್ವ.

ಕಾವ್ಯಕ್ಕೆ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳಿದ ಮಮ್ಮಟನು ಅವನ್ನು ಏಕವಚನದಿಂದ ಒಂದೇ ಹೇತುವೆಂದು ನಿರ್ದೇಶಿಸಿದನು. ಗುರುಗಳು ಅನೇಕರಿರಬಹುದು, ಹೇತುವು ಒಂದಾಗಿರಬೇಕು. ಈ ನ್ಯಾಯವು ಕಾವ್ಯದಂತೆ ಮೃತ್ಕಲೆಗೂ ಸಲ್ಲುವುದು.