ಎರಡು ಕಮಲಾಪುರ

ಕಲಬುರಗಿ ಜಿಲ್ಲೆಯ ಕಮಲಾಪುರದ ಬಾಳೆ ಬೆಳೆಗಾರರೊಬ್ಬರು ಸ್ವಂತಕ್ಕೊಂದು ವೆಬ್‌ಸೈಟ್ ಇಟ್ಟುಕೊಂಡಿದ್ದಾರೆ. ಭೌಗೋಳಿಕ ಸೂಚಕ ಪಡೆದ ಅಲ್ಲಿನ ಕೆಂಪು ಬಾಳೆಯ ಫೋಟೊ, ಗೊನೆ ಕಡಿಯುವ ಕಾಲ, ತೋಟದ ದಾರಿ. ಅಷ್ಟೇ, ಚೊಕ್ಕಟ. ರಜೆಗೆ ಬಂದ ಮಗ ಅದರ ತಲೆಯ ಮೇಲೊಂದು ಹವಾಮಾನದ ವಿಜೆಟ್ ಕೂರಿಸಿ ಹೋದ. ಆಮೇಲೆ ಅವರು ಫೋನ್ ಮಾಡಿದರು: "ಸರ, ಇಲ್ಲಿ ಬಿಸಲ್ ಹೊಡೀಲತ್ತದ, ಅದರಾಗ ನೋಡಿದ್ರ ಮಳಿ ಬರ್ಲತ್ತದ ಅಂತ ಅದ. ಏನ್ ಮಾಡಬೇಕ್ರೀ?"

ವಿಜೆಟ್ಟಿನ ಕೋಡ್ ತೆರೆದು ಅಕ್ಷಾಂಶ ನೋಡಿದೆ. 15 ಚಿಲ್ಲರೆ ಇತ್ತು. ನಮ್ಮ ಜಿಲ್ಲೆಯ ಊರಾದರೆ 17 ದಾಟಿರಬೇಕು. ಹೆಸರು ಟೈಪ್ ಮಾಡಿ ಹುಡುಕಿದಾಗ ಹಂಪಿ ಪಕ್ಕದ ಕಮಲಾಪುರ, ಪುರಾತತ್ವ ಇಲಾಖೆಯ ಮ್ಯೂಸಿಯಂ ಇರುವ ಊರು, ಸಿಕ್ಕಿದೆ. ಹುಡುಗ ಅದನ್ನೇ ಒತ್ತಿದ್ದಾನೆ. (ಹುಮನಾಬಾದ್ ಕಡೆಯಿಂದ ನಮ್ಮ ಕಮಲಾಪುರ ಹಾದು ಬರುವ ರಾಷ್ಟ್ರೀಯ ಹೆದ್ದಾರಿ 50 ಮುಂದೆ ಹೊಸಪೇಟೆಗೂ ಹೋಗುತ್ತದೆ. ದಾರಿ ತಪ್ಪಿದ್ದರೂ ರಸ್ತೆ ತಪ್ಪಿಲ್ಲ ಎನ್ನಬಹುದು.)

ಹಾಗಾಗಿ ವಿಜೆಟ್ಟಿಗೆ ಊರಿನ ಹೆಸರು ಕೊಡಬೇಡಿ, ಅಕ್ಷಾಂಶ ರೇಖಾಂಶ ಕೊಡಿ. ಈ ಮಾತು ಕಲಬುರಗಿಯವರಿಗೆ ಬೇಗ ಅರ್ಥವಾಗುತ್ತದೆ. 2014ರ ನವೆಂಬರ್ 1ರಿಂದ ಗುಲ್ಬರ್ಗ ಅಧಿಕೃತವಾಗಿ ಕಲಬುರಗಿಯಾಯಿತು. ರೈಲು ನಿಲ್ದಾಣದ ಸಂಕೇತ ಜಿಆರ್ ಹೋಗಿ ಕೆಎಲ್‌ಬಿಜಿ ಬಂತು. 2019ರಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣಕ್ಕೆ ಮಾತ್ರ ಇನ್ನೂ ಜಿಬಿಐ. ಒಂದು ಉಪಕರಣ ಹಳೇ ಹೆಸರು ಕೇಳುತ್ತದೆ, ಇನ್ನೊಂದು ಹೊಸದು. ಸರ್ಕಾರ ಎಷ್ಟು ಸಲ ಹೆಸರು ಬದಲಿಸಿದರೂ ಅಕ್ಷಾಂಶ ಕದಲುವುದಿಲ್ಲ.

ಅಕ್ಷಾಂಶ ಸರಿಪಡಿಸಿದ ಮೇಲೂ ಆ ಹವಾಮಾನದ ಪೆಟ್ಟಿಗೆ ನನಗೆ ರುಚಿಸಲಿಲ್ಲ. ಅದು ತೋರಿಸುವ ಡಿಗ್ರಿ ಕಮಲಾಪುರದ ಯಾವುದೋ ಉಷ್ಣಮಾಪಕ ನೋಡಿ ಬರೆದದ್ದಲ್ಲ; ಕೆಲವು ಕಿಲೋಮೀಟರ್ ಅಗಲದ ಒಂದು ಚೌಕಕ್ಕೆ ಕಂಪ್ಯೂಟರ್ ಹಾಕಿದ ಲೆಕ್ಕ. ಮಳೆಯನ್ನು ನಿಜಕ್ಕೂ ಅಳೆಯುವವರು ಬೇಕೆಂದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ, ಅದರ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅಲ್ಲಿಗೊಂದು ಲಿಂಕ್ ಸಾಕು. ಬಾಳೆಹಣ್ಣು ಕೇಳಲು ಬಂದವರಿಗೆ ಬಿಸಿಲಿನ ವರದಿ ಯಾಕೆ?

ನಕ್ಷೆಯ ಮಾತು ಬೇರೆ. ತೋಟಕ್ಕೆ ದಾರಿ ಹೇಳಲು ಅದು ಬೇಕೇ ಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಜಾಗ ಆರಿಸಿ, ಹಂಚಿಕೊಳ್ಳುವ ಗುಂಡಿ ಒತ್ತಿ, ಎಚ್‌ಟಿಎಂಎಲ್ ಆರಿಸಿದರೆ ಒಂದು ಐಫ್ರೇಮ್ ಸಿಗುತ್ತದೆ. ನಕಲಿಸಿ ಅಂಟಿಸಿದರೆ ಮುಗಿಯಿತು. ಊರಿನ ಕನ್ನಡ ಹೆಸರು ಅಲ್ಲಿ ಇಲ್ಲದಿದ್ದರೆ ಖಾತೆ ತೆರೆದು ನಾವೇ ಸೇರಿಸಬಹುದು. ಐಫ್ರೇಮಿನ ಸಾಲಿನಲ್ಲಿ 'ಲೋಡಿಂಗ್' ಎಂಬ ಗುಣಕ್ಕೆ 'ಲೇಜಿ' ಎಂಬ ಬೆಲೆ ಕೊಟ್ಟರೆ, ಓದುಗ ಪುಟವನ್ನು ಅಲ್ಲಿಯ ತನಕ ಎಳೆಯುವವರೆಗೆ ನಕ್ಷೆ ಇಳಿಯುವುದಿಲ್ಲ. ಹೆದ್ದಾರಿಯಲ್ಲಿ ಸಿಗ್ನಲ್ ಹುಡುಕುತ್ತ ಕೂತ ಗಿರಾಕಿಗೆ ಇದು ದೊಡ್ಡ ಉಪಕಾರ.

ಐಫ್ರೇಮ್ ಒಳ್ಳೆಯದು ಎನ್ನಲು ಇನ್ನೊಂದು ಕಾರಣವಿದೆ. ಅದರೊಳಗಿನ ಬೇರೆ ಸೈಟಿನ ಪುಟ ತನ್ನ ಚೌಕಟ್ಟು ದಾಟಿ ನಮ್ಮ ಪುಟದ ಅಕ್ಷರ ಮುಟ್ಟಲಾರದು. 'ಈ ಸ್ಕ್ರಿಪ್ಟ್ ಅಂಟಿಸಿ' ಎನ್ನುವ ವಿಜೆಟ್‌ಗಳು ಹಾಗಲ್ಲ. ಅವುಗಳನ್ನು ಸೇರಿಸುವುದೆಂದರೆ ಗುರುತಿಲ್ಲದವನ ಕೈಗೆ ಮನೆಯ ಬೀಗದ ಕೈ ಕೊಟ್ಟಂತೆ. ಬ್ರೌಸ್‌ಅಲೌಡ್ ಎಂಬ ಉಪಕರಣ ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು, ಕಣ್ಣು ಮಂದವಾದವರಿಗೆ ಅನುಕೂಲ. 2018ರ ಫೆಬ್ರುವರಿ 11ರಂದು ಯಾರೋ ಅದರ ಸ್ಕ್ರಿಪ್ಟ್ ಕೆಡಿಸಿದರು. ಅದನ್ನು ಅಳವಡಿಸಿಕೊಂಡಿದ್ದ 4,000ಕ್ಕೂ ಹೆಚ್ಚು ಸೈಟುಗಳು ಓದುಗರ ಕಂಪ್ಯೂಟರ್‌ಗಳನ್ನು ಗುಟ್ಟಾಗಿ ಕ್ರಿಪ್ಟೊ ನಾಣ್ಯ ಗಳಿಸಲು ದುಡಿಸಿಕೊಂಡವು. ದತ್ತಾಂಶ ರಕ್ಷಣೆ ನೋಡಿಕೊಳ್ಳಬೇಕಾದ ಬ್ರಿಟನ್ನಿನ ಮಾಹಿತಿ ಆಯುಕ್ತರ ಸೈಟೂ ಅದರಲ್ಲಿತ್ತು! 2024ರ ಜೂನ್‌ನಲ್ಲಿ ಹಳೇ ಬ್ರೌಸರುಗಳಿಗೆಂದು ಸೈಟುಗಳು ಸೇರಿಸಿಕೊಳ್ಳುತ್ತಿದ್ದ ಪಾಲಿಫಿಲ್ ಸ್ಕ್ರಿಪ್ಟೂ ಹೀಗೇ ಕೆಟ್ಟಿತು. ಕೆಡದಿದ್ದವು ಸಾಯುತ್ತವೆ. ಬೇಕಾದ ಪೆಟ್ಟಿಗೆಗಳನ್ನು ಜೋಡಿಸಿಕೊಳ್ಳುವ ಗೂಗಲ್ ಪುಟ ಐಗೂಗಲ್ 2013ರ ನವೆಂಬರ್ 1ರಂದು, ನಾವಿಲ್ಲಿ ರಾಜ್ಯೋತ್ಸವದ ಬಾವುಟ ಏರಿಸುತ್ತಿದ್ದಾಗ, ತನ್ನ ಗ್ಯಾಜೆಟ್‌ಗಳ ಸಮೇತ ಮುಚ್ಚಿತು. 2020ರ ಕೊನೆಯ ದಿನ ಫ್ಲ್ಯಾಶ್‌ಗೆ ಬೆಂಬಲ ನಿಂತಿತು, ಅದನ್ನು ನಂಬಿದ್ದ ಗಡಿಯಾರ, ಆಟ, ಫೋಟೊ ಪೆಟ್ಟಿಗೆಗಳೆಲ್ಲ ಖಾಲಿ ಚೌಕವಾದವು.

ಭೇಟಿ ಕೊಟ್ಟವರ ಸಂಖ್ಯೆ ತೋರಿಸುವ ಕೌಂಟರ್ ಬಗ್ಗೆ ಕೇಳಬೇಡಿ, ನನಗಾಗದು.

ಬೆಳೆಗಾರರಿಗೆ ಕೊನೆಗೊಂದು ಆಸೆ ಉಳಿದಿತ್ತು: ಪುಟದ ಮೇಲೆ ದಿನಾಂಕ ಕನ್ನಡ ಅಂಕಿಯಲ್ಲೇ ಬರಬೇಕು. ಅದಕ್ಕೊಂದು ಪಂಚಾಂಗದ ವಿಜೆಟ್ ಹುಡುಕಿಟ್ಟಿದ್ದರು, ಸುತ್ತ ಮೂರು ಜಾಹೀರಾತು. ಬೇಕಾಗೇ ಇರಲಿಲ್ಲ. ವಾರ, ತಿಂಗಳ ಕನ್ನಡ ಹೆಸರುಗಳೂ ನಮ್ಮ ಅಂಕಿಗಳೂ ಈಗಿನ ಬ್ರೌಸರಿನೊಳಗೇ ಇವೆ. ಜಾವಾಸ್ಕ್ರಿಪ್ಟಿನ ದಿನಾಂಕಕ್ಕೆ ಭಾಷೆ ಕನ್ನಡ, ಅಂಕಿ ಕನ್ನಡ ಎಂದು ಒಂದು ಸಾಲಿನಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ಆ ಸಾಲನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದೇನೆ. ಅಂಟಿಸುವ ಕೆಲಸ ಮತ್ತೆ ಮಗನದೇ.