ಸೊನ್ನೆ ತುಂಬುವ ಹಾಳೆ

ನಮ್ಮ ಕಡೆಯವರಿಗೆ ಕಾಗದ ದೂರದ ವಸ್ತುವೇನಲ್ಲ. ಕಾಳಿ ನದಿಯ ದಂಡೆಯ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು 1955ರಲ್ಲಿ ಸ್ಥಾಪನೆಯಾಯಿತು. ಸುತ್ತಲಿನ ಎಷ್ಟೋ ಮನೆಗಳ ಒಲೆ ಉರಿದದ್ದು ಆ ಮಿಲ್ಲಿನ ಸಂಬಳದಿಂದ. ನನ್ನ ಬದುಕಂತೂ ಮುಂಡಗೋಡದ ತವರಿನಲ್ಲಿ ಪಾಟಿ ಬಿಟ್ಟು ನೋಟುಬುಕ್ಕು ಹಿಡಿದಂದಿನಿಂದ ಕಾಗದದ ಮೇಲೆಯೇ ಸಾಗಿದೆ. ಹೀಗಿದ್ದೂ ನನ್ನನ್ನು ಹೆದರಿಸುವ ಹಾಳೆ ಒಂದಿದೆ. ಒಎಂಆರ್ ಎಂದು ಅದರ ಹೆಸರು. ಹಳಿಯಾಳದ ನಮ್ಮ ಮಕ್ಕಳ ಬಾಯಲ್ಲಿ ಅದು ‘ಸೊನ್ನಿ ತುಂಬೂ ಹಾಳಿ’.

ನೋಡಲು ಅದು ಉತ್ತರಪತ್ರಿಕೆ. ನಿಜವಾಗಿ ಅದು ಕಂಪ್ಯೂಟರಿನ ಕೀಲಿಮಣೆ. ಹಾಳೆಯ ಮೇಲೆ ಬೆಳಕು ಬೀಳುತ್ತದೆ, ಬಿಳಿ ಜಾಗ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ತುಂಬಿದ ಸೊನ್ನೆ ನುಂಗಿಕೊಳ್ಳುತ್ತದೆ. ಅಷ್ಟರಿಂದ ಯಂತ್ರ ಉತ್ತರ ತಿಳಿಯುತ್ತದೆ. ಕಂಪ್ಯೂಟರನ್ನು ಒಮ್ಮೆಯೂ ಮುಟ್ಟದ ಮಗು ಆ ದಿನ ಪರದೆಯಿಲ್ಲದ ಕಂಪ್ಯೂಟರೊಂದನ್ನು ಬಳಸುತ್ತಿರುತ್ತದೆ. ಆ ಮಾತನ್ನು ಮಗುವಿಗೆ ಯಾರೂ ಹೇಳಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಪರೀಕ್ಷೆಯೊಂದಕ್ಕೆ ಕುಳಿತಳು. ಜೋಯಿಡಾ ಕಡೆಯ ಕಾಡಿನೊಳಗಿನ ಊರು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಲೆಕ್ಕದಲ್ಲಿ ನನ್ನ ಮಗನಿಗಿಂತ ಚುರುಕು ಎಂದು ಮನೆಯಲ್ಲಿ ಹೇಳಿ ಅವನ ಮುನಿಸನ್ನೂ ಕಟ್ಟಿಕೊಂಡಿದ್ದೆ. ಫಲಿತಾಂಶದಲ್ಲಿ ಅವಳ ಹೆಸರಿರಲಿಲ್ಲ. ಪ್ರಶ್ನೆಪತ್ರಿಕೆ ತರಿಸಿ ನೋಡಿದೆ. ತನ್ನ ಉತ್ತರಗಳಿಗೆ ಅದರಲ್ಲೇ ಸಣ್ಣ ಗೀಟು ಹಾಕಿಕೊಂಡಿದ್ದಳು. ಬಹುಪಾಲು ಸರಿಯಾಗಿಯೇ ಇದ್ದವು. ಮತ್ತೇನಾಯಿತು?

“ಇಪ್ಪತ್ಮೂರನೇದು ಆಮ್ಯಾಲ ಮಾಡೂಣಂತ ಬಿಟ್ಟಿದ್ದೆರಿ ಅಕ್ಕೋರ. ಕಡೀಕ ಒಂದು ಸಾಲು ಉಳೀತು. ಆವಾಗ ಗೊತ್ತಾತು.”

ಪ್ರಶ್ನೆ ಬಿಟ್ಟವಳು ಹಾಳೆಯಲ್ಲಿ ಅದರ ಸಾಲನ್ನು ಬಿಟ್ಟಿರಲಿಲ್ಲ. 24ರ ಉತ್ತರ 23ಕ್ಕೆ, 25ರದು 24ಕ್ಕೆ, ಹೀಗೆ ಕೊನೆಯವರೆಗೂ. ಬಾಲ್‌ಪೆನ್ನಿನ ಶಾಯಿ, ಅಳಿಸುವಂತಿಲ್ಲ. ಬೇರೆ ಹಾಳೆ ಕೇಳುವ ಧೈರ್ಯ ಅವಳಿಗಿರಲಿಲ್ಲ, ಕೇಳಿದರೂ ಕೊಡುತ್ತಿರಲಿಲ್ಲ. ಯಾರನ್ನು ದೂರಲಿ? ಪರೀಕ್ಷೆ ನಿಯಮದಂತೆ ನಡೆದಿತ್ತು. ಯಂತ್ರವೂ ತಪ್ಪು ಓದಿರಲಿಲ್ಲ. ಆದರೆ ಕಥೆ, ಕಾದಂಬರಿಯನ್ನು ವಿಮರ್ಶೆ ಮಾಡುವ ನಾವು ಈ ಹಾಳೆಯನ್ನು ಯಾಕೆ ಮಾಡಬಾರದು ಎಂದು ಅವತ್ತು ಅನ್ನಿಸಿತು. ಅದಕ್ಕಿಂತ ಹೆಚ್ಚು ಮಕ್ಕಳ ಭವಿಷ್ಯವನ್ನು ಬರೆದ ಪುಟ ಯಾವುದಿದೆ?

ಮನೆಯಲ್ಲಿದ್ದ ಮಾದರಿ ಹಾಳೆಯನ್ನು ಎದುರಿಗಿಟ್ಟುಕೊಂಡು ಕುಳಿತೆ. ಅಂಚಿನುದ್ದಕ್ಕೂ ಪುಟ್ಟ ಪುಟ್ಟ ಕಪ್ಪು ಪಟ್ಟಿಗಳಿದ್ದವು, ಸಾಲಿಗೊಂದು. ಅಲಂಕಾರವೆಂದುಕೊಂಡಿದ್ದೆ. ಅಲ್ಲ, ಯಂತ್ರ ಸಾಲು ತಪ್ಪದಿರಲೆಂದು ಮಾಡಿದ ಗುರುತುಗಳವು. ಯಂತ್ರಕ್ಕೆ ಸಾಲು ತಪ್ಪುವ ಭಯವಿದೆಯೆಂದು ಮೊದಲೇ ಊಹಿಸಿ ಏರ್ಪಾಟು ಮಾಡಿದ್ದಾರೆ. ಹದಿಮೂರು ವರ್ಷದ ಮಗುವಿನ ಕಣ್ಣಿಗೆ ಮಾತ್ರ ಅಂಥ ಆಸರೆಯಿಲ್ಲ. ಐದು ಸಾಲಿಗೊಮ್ಮೆ ತೆಳುವಾದ ಬಣ್ಣ ಬಳಿದಿದ್ದರೆ, ಹತ್ತಕ್ಕೊಮ್ಮೆ ಒಂದು ಬೆರಳಗಲ ಜಾಗ ಬಿಟ್ಟಿದ್ದರೆ ಏನು ಖರ್ಚಾಗುತ್ತಿತ್ತು? ರಂಗೋಲಿಗೆ ಚುಕ್ಕಿ ಇಡುವ ಹೆಂಗಸರನ್ನು ಕೇಳಿದ್ದರೂ ಹೇಳುತ್ತಿದ್ದರು.

ಇದರ ಹುಟ್ಟಿನ ಕಥೆ ಓದಿದ ಮೇಲೆ ಬೇಸರ ಇನ್ನೂ ಹೆಚ್ಚಿತು, ಯಾಕೆಂದರೆ ಇದು ನಮ್ಮಂಥ ಶಿಕ್ಷಕರೊಬ್ಬರ ಕೂಸು. ಅಮೆರಿಕದ ಮಿಶಿಗನ್ನಿನಲ್ಲಿ ಹೈಸ್ಕೂಲಿಗೆ ವಿಜ್ಞಾನ ಕಲಿಸುತ್ತಿದ್ದ ರೆನಾಲ್ಡ್ ಜಾನ್ಸನ್ ಬಾಲ್ಯದಲ್ಲಿ ತುಂಟ. ಅಕ್ಕಂದಿರನ್ನು ನೋಡಲು ಬರುವ ಹುಡುಗರ ಕಾರಿನ ಸ್ಪಾರ್ಕ್ ಪ್ಲಗ್ಗಿಗೆ ಪೆನ್ಸಿಲಿನಿಂದ ಗೀಚಿ ಕಾರು ಹೊರಡದಂತೆ ಮಾಡುತ್ತಿದ್ದನಂತೆ. ಪೆನ್ಸಿಲಿನ ಗೀಟಿನಲ್ಲಿ ವಿದ್ಯುತ್ ಹರಿಯುತ್ತದೆಂಬ ಆ ತಿಳಿವಳಿಕೆಯೇ ಮುಂದೆ ಉತ್ತರ ತಿದ್ದುವ ಯಂತ್ರವಾಯಿತು. ಐಬಿಎಂ ಕಂಪನಿ 1938ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಗಮನಿಸಿ, ಪೆನ್ಸಿಲು! ತಪ್ಪಾದರೆ ರಬ್ಬರಿನಿಂದ ಒರೆಸಬಹುದಿತ್ತು. ಬೇರೆಯವರು ತಿದ್ದಿಬಿಟ್ಟಾರೆಂಬ ಭಯಕ್ಕೆ ನಮ್ಮಲ್ಲಿ ಪೆನ್ನು ಬಂತು. ಭಯ ಸುಳ್ಳೆನ್ನಲಾರೆ. ಆದರೆ ಬೇರೆಯವರು ತಿದ್ದಬಾರದೆಂದು ಬರೆದವಳಿಗೂ ತಿದ್ದಿಕೊಳ್ಳುವ ಹಾದಿ ಮುಚ್ಚಿಹೋಯಿತು.

ಹಾಳೆಯ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. 2021ರಲ್ಲಿ ಕೋವಿಡ್ ಕಾರಣಕ್ಕೆ ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22ರ ಎರಡೇ ದಿನಕ್ಕೆ ಇಳಿಯಿತು. ದಿನಕ್ಕೆ ಮೂರು ವಿಷಯ, ವಿಷಯಕ್ಕೆ 40 ಪ್ರಶ್ನೆ, ಎಲ್ಲಕ್ಕೂ ಒಎಂಆರ್. ಅದಕ್ಕೆ ಮುಂಚೆ ವರ್ಷವಿಡೀ ಫೋನಿನಲ್ಲಿ ಪಾಠ. ಜೋಯಿಡಾದ ಹಳ್ಳಿಗಳಲ್ಲಿ ನೆಟ್‌ವರ್ಕಿಗಾಗಿ ಗುಡ್ಡ ಹತ್ತಬೇಕು, ಫೋನೇ ಇಲ್ಲದವರಿಗೆ ಗುಡ್ಡವೂ ಇಲ್ಲ. ಅಂಥ ವರ್ಷದಲ್ಲಿ ಪೇಟೆಯ ಮಗುವಿಗೂ ಕಾಡಿನ ಮಗುವಿಗೂ ಒಂದೇ ಹಾಳೆ ಸಿಕ್ಕಿತಲ್ಲ! ಪರದೆಯ ಮೇಲೆ ಪರೀಕ್ಷೆ ಇಟ್ಟಿದ್ದರೆ ನಮ್ಮ ಅರ್ಧ ಮಕ್ಕಳು ಬಾಗಿಲಲ್ಲೇ ಉಳಿಯುತ್ತಿದ್ದರು. ಹಾಗಾಗಿ ನನ್ನ ಜಗಳ ಕಾಗದದ ಜೊತೆಗಲ್ಲ. ಈ ಕಾಗದ ನಮ್ಮಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ, “ನೀನು ಹೇಳಿದ್ದು ಇದೇ ತಾನೇ?” ಎಂದು ಒಮ್ಮೆಯೂ ತಿರುಗಿ ಕೇಳುವುದಿಲ್ಲ. ಜಗಳ ಅದರ ಬಗ್ಗೆ.

ಕೇಳುವ ಕಾಗದಗಳೂ ಇವೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಮತಯಂತ್ರದ ಪಕ್ಕ ವಿವಿಪ್ಯಾಟ್ ಬಂದದ್ದು ನಿಮಗೂ ನೆನಪಿರಬಹುದು. ಗುಂಡಿ ಒತ್ತಿದ ಮೇಲೆ ಗಾಜಿನ ಹಿಂದೆ ಚೀಟಿಯೊಂದು ಏಳು ಸೆಕೆಂಡು ಕಾಣಿಸಿ ಬೀಳುತ್ತದೆ. ಏಳೇ ಸೆಕೆಂಡು, ಆದರೆ ಎಷ್ಟು ಸಮಾಧಾನ!

ಇನ್ನೊಂದು ಪ್ಲಿಕರ್ಸ್ ಎಂಬ ಕಾರ್ಡು. ಇದೂ ಅಮೆರಿಕದ ಗಣಿತ ಶಿಕ್ಷಕರೊಬ್ಬರು ಮಾಡಿದ್ದು, ನೋಲನ್ ಏಮಿ ಎಂದು. ದಪ್ಪ ಕಾಗದದಲ್ಲಿ ಮಗುವಿಗೊಂದು ಕಪ್ಪು-ಬಿಳುಪಿನ ಚಿತ್ತಾರ, ನಾಲ್ಕು ಬದಿಗೆ ನಾಲ್ಕು ಉತ್ತರ. ತನ್ನ ಉತ್ತರದ ಬದಿಯನ್ನು ಮೇಲೆ ಮಾಡಿ ಹಿಡಿದರೆ ಟೀಚರಿನ ಒಂದೇ ಫೋನು ಇಡೀ ತರಗತಿಯನ್ನು ಓದಿಕೊಳ್ಳುತ್ತದೆ. ಅಕ್ಷರ ಬಹಳ ಸಣ್ಣದು, ಪಕ್ಕದವರು ಕದಿಯಲಾರರು. ಯಾರು ತಪ್ಪಿದರೆಂದು ನನಗೆ ಆಗಲೇ ಗೊತ್ತಾಗುತ್ತದೆ. “ಇನ್ನೊಮ್ಮೆ ಯೋಚನೆ ಮಾಡವಾ” ಅಂದರೆ ಕಾರ್ಡು ಮೆಲ್ಲಗೆ ತಿರುಗುತ್ತದೆ. ನನ್ನ ತರಗತಿಯಲ್ಲಿ ಎಂದೂ ಬಾಯಿ ಬಿಡದವರು ಆ ಕಾರ್ಡಿನಿಂದ ಮಾತಾಡಿದ್ದಾರೆ.

ದೊಡ್ಡ ಪರೀಕ್ಷೆಗಳಿಗೆ ಅದು ಬರಲಾರದು, ಬಲ್ಲೆ. ಹಾಳೆಗೆ ಬಣ್ಣ ಬಳಿಯುವವರು ಬಳಿಯುವ ತನಕ ನಾನು ಎಂಟನೆಯವರಿಗೆ ಝೆರಾಕ್ಸ್ ಹಾಳೆ ಕೊಟ್ಟು ಅಭ್ಯಾಸ ಮಾಡಿಸುತ್ತೇನೆ. ಬೇಕೆಂದೇ ಒಂದು ಪ್ರಶ್ನೆ ಬಿಡಿಸುತ್ತೇನೆ. ಪೆನ್ನು ತಗುಲಿಸುವ ಮೊದಲು ಸಂಖ್ಯೆಯನ್ನು ಮನಸ್ಸಿನಲ್ಲಿ ಹೇಳಬೇಕು, ಎಡಗೈಯ ತೋರುಬೆರಳು ಸಾಲಿನ ಮೇಲಿರಬೇಕು, ಐದಕ್ಕೊಮ್ಮೆ ಎರಡೂ ಕಾಗದದ ಸಂಖ್ಯೆ ಹೊಂದಿಸಿ ನೋಡಬೇಕು. ಕಳೆದ ಸಲ ಒಬ್ಬ ಹುಡುಗ ಕೇಳಿದ, “ಅಕ್ಕೋರ, ಇದು ಪರೀಕ್ಷಾದಾಗ ಬರ್ತೈತೇನ್ರಿ?”